ಸಹಿ ಪುಸ್ತಕ ತುಂಬಿದೆ, ಉತ್ತರದ ಕಾಲಂ ಖಾಲಿ

2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಲ್ಲಿ ಶೇ 78ರಷ್ಟು ಮತದಾನವಾಯಿತು. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಆಗಿದ್ದು ಶೇ 53ರಷ್ಟು. ಈ ಅಂಕಿ ಬಂದಾಗ ನಮ್ಮ ಕಡೆಯವರಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಪೇಟೆಯವರಿಗೆ ಮತದಾನದ ರಜೆ ಎಂದರೆ ಪ್ರವಾಸ, ನಾವು ಗುಡ್ಡ ಇಳಿದು ಹೋಗಿ ವೋಟು ಹಾಕಿ ಬರುವವರು. ಸುಮ್ನೆ ಹೇಳಿಕೊಳ್ಳುವ ಮಾತಲ್ಲ, ನಿಜವೂ ಹೌದು.

ಆದರೆ ಮತದಾನ ಐದು ವರ್ಷಕ್ಕೊಮ್ಮೆ ಬರುವ ಒಂದು ದಿನ. ಉಳಿದ ದಿನಗಳಲ್ಲಿ ಊರಿನ ಕೆಲಸದಲ್ಲಿ, ಸರ್ಕಾರದ ತೀರ್ಮಾನದಲ್ಲಿ ಜನ ಎಷ್ಟು ಕೈ ಹಾಕುತ್ತಾರೆ? ಅದನ್ನು ಅಳೆಯುವುದು ಹೇಗೆ? ರಾಜ್ಯದ ಮಟ್ಟದಲ್ಲಿ ಇದಕ್ಕೆ ಸರಿಯಾದ ಲೆಕ್ಕ ನಮ್ಮಲ್ಲಿಲ್ಲ. ಇರುವುದೆಲ್ಲ ಹಾಜರಾತಿ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಜನ ಸಹಿ ಮಾಡಿದರು, ಎಷ್ಟು ಜನ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಬಂದವರು ಕೇಳಿದ್ದಕ್ಕೆ ಉತ್ತರ ಸಿಕ್ಕಿತಾ ಎನ್ನುವ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮಲೆನಾಡಿನಲ್ಲಿ ನಿಂತು ನೋಡಿದರೆ ಇಡೀ ಸಮಸ್ಯೆ ಇಲ್ಲೇ ಇದೆ ಅನ್ನಿಸುತ್ತದೆ.

ಮತದಾನದ ಅಂಕಿ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಕೆಲವು ವರ್ಷಗಳ ಹಿಂದೆ ಸಾಗರ, ಹೊಸನಗರ ಕಡೆಯ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ' ಎಂಬ ಬ್ಯಾನರುಗಳು ಎದ್ದವು. ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಕೂರುತ್ತಿದ್ದ ಕಾಲ ಅದು. ಊರಿನವರು ಸೇರಿ, ಸಭೆ ಮಾಡಿ, ಮನವಿ ಬರೆದು, ತಹಶೀಲ್ದಾರರ ತನಕ ಹೋಗಿ, ಕೊನೆಗೆ ಬಹಿಷ್ಕಾರದ ಮಾತು ಆಡಿದ್ದರು. ಇಷ್ಟೊಂದು ಒಗ್ಗಟ್ಟು ಇರುವ ಊರು ಒಂದು ವೇಳೆ ವೋಟು ಹಾಕದೇ ಉಳಿದರೆ, ಚುನಾವಣಾ ಲೆಕ್ಕದಲ್ಲಿ ಅದು ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಊರು! ಸೋಮಾರಿಯ ಸೊನ್ನೆಗೂ ಸಿಟ್ಟಿನ ಸೊನ್ನೆಗೂ ಆ ಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲ.

ಇನ್ನೊಂದು ಬಗೆಯ ಸೊನ್ನೆಯೂ ಇದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆಯಿಲ್ಲದೆ ವರ್ಷಗಳು ಉರುಳಿದವು. 1983ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ತಂದ, ಅದರಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇಟ್ಟ, ಅಬ್ದುಲ್ ನಜೀರ್ ಸಾಬ್ ಅವರನ್ನು ಇವತ್ತಿಗೂ ನೆನೆಯುವ ರಾಜ್ಯ ಇದು. ಜನ ಭಾಗವಹಿಸುತ್ತಿಲ್ಲ ಎಂದು ದೂರುವ ಮೊದಲು, ಭಾಗವಹಿಸಲು ಬಾಗಿಲು ತೆರೆದಿತ್ತಾ ಎಂದು ಕೇಳಬೇಕು ಅಲ್ವಾ?

ಅಮೆರಿಕದಲ್ಲಿ ಇಂಥ ಅಳತೆಗೆ ಒಂದು ಪದ್ಧತಿ ಬೆಳೆದಿದೆ. ಅಲ್ಲಿ ಹಲವು ರಾಜ್ಯಗಳಿಗೆ 'ನಾಗರಿಕ ಆರೋಗ್ಯ ಸೂಚ್ಯಂಕ' ಎಂಬ ವರದಿ ತಯಾರಾಗಿದೆ. ಜನಗಣತಿ ಇಲಾಖೆಯ ಸಮೀಕ್ಷೆಯ ಉತ್ತರಗಳೇ ಅದಕ್ಕೆ ಆಧಾರ. ವೋಟು ಹಾಕಿದಿರಾ ಎಂಬುದು ಅಲ್ಲಿ ಹಲವು ಪ್ರಶ್ನೆಗಳಲ್ಲಿ ಒಂದು ಅಷ್ಟೆ. ಸಾರ್ವಜನಿಕ ಸಭೆಗೆ ಹೋದಿರಾ, ಅಧಿಕಾರಿಯನ್ನೋ ಜನಪ್ರತಿನಿಧಿಯನ್ನೋ ಸಂಪರ್ಕಿಸಿದಿರಾ, ಯಾವುದಾದರೂ ಸಂಘದಲ್ಲಿ ಇದ್ದೀರಾ, ನೆರೆಯವರ ಜೊತೆ ಸೇರಿ ಊರಿಗೆ ಏನಾದರೂ ಮಾಡಿದಿರಾ, ನೆರೆಯವರೂ ನೀವೂ ಒಬ್ಬರಿಗೊಬ್ಬರು ನೆರವಾಗುತ್ತೀರಾ ಎಂದೆಲ್ಲ ಕೇಳುತ್ತಾರೆ.

ಈ ಕೊನೆಯ ಪ್ರಶ್ನೆಗಳನ್ನು ತೀರ್ಥಹಳ್ಳಿಯ ಒಂದು ಹಳ್ಳಿಯಲ್ಲಿ ಕೇಳಿದರೆ ಜನ ನಕ್ಕಾರು. ಮುಯ್ಯಾಳು ಇಲ್ಲದೆ ಇಲ್ಲಿ ಗದ್ದೆ ನೆಟ್ಟಿ ಆಗುತ್ತಿರಲಿಲ್ಲ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿಯ ಮಾತೇ ಇಲ್ಲ. ಸಾವಾದ ಮನೆಗೆ ಸೌದೆ ಹೊರುವುದು, ಮರ ಬಿದ್ದು ರಸ್ತೆ ಬಂದ್ ಆದರೆ ಕತ್ತಿ ಹಿಡಿದು ಹೊರಡುವುದು, ಇವೆಲ್ಲ ಇನ್ನೂ ನಿಂತಿಲ್ಲ. ಸಂಘಗಳಿಗಂತೂ ಬರವಿಲ್ಲ. ಅಡಿಕೆ ಮಾರಲು ಸಹಕಾರ ಸಂಘ, ಹಾಲಿನ ಡೈರಿ, ಸ್ತ್ರೀಶಕ್ತಿ ಗುಂಪು, ಯುವಕ ಸಂಘ, ಯಕ್ಷಗಾನ ಮಂಡಳಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಸಣ್ಣ ಹಳ್ಳಿಯವರು 1949ರಲ್ಲಿ ಕಟ್ಟಿಕೊಂಡ ನಾಟಕ ಸಂಘವೇ ಮುಂದೆ ನಾಡಿಗೆಲ್ಲ ಗೊತ್ತಿರುವ ನೀನಾಸಂ ಆಯಿತು. ಹೀಗೆ ಅಳೆದರೆ ಮಲೆನಾಡಿಗೆ ಅಂಕ ಜಾಸ್ತಿಯೇ ಬಂದೀತು.

ನಮ್ಮ ದೇಶದ ಸಮೀಕ್ಷೆಗಳಲ್ಲಿ ಇದು ಕಾಣುತ್ತದಾ? ಅಂಕಿಅಂಶ ಇಲಾಖೆ 2019ರಲ್ಲೂ 2024ರಲ್ಲೂ 'ಸಮಯ ಬಳಕೆ ಸಮೀಕ್ಷೆ' ಮಾಡಿತು. ದಿನದ 24 ಗಂಟೆ ಯಾರು ಯಾವುದಕ್ಕೆ ಕಳೆಯುತ್ತಾರೆ ಎಂಬ ಲೆಕ್ಕ. ಅದರ ಮುಖ್ಯ ವಿಭಾಗಗಳಲ್ಲಿ ಮಾತುಕತೆ, ಸಮುದಾಯದ ಕೆಲಸದಲ್ಲಿ ಭಾಗವಹಿಸುವುದು, ಧಾರ್ಮಿಕ ಆಚರಣೆ ಮೂರೂ ಒಂದೇ ತಲೆಬರಹದಡಿ ಬರುತ್ತವೆ. ಅಂತರರಾಷ್ಟ್ರೀಯ ವರ್ಗೀಕರಣವೇ ಹಾಗಿದೆ, ನಮ್ಮವರ ತಪ್ಪಲ್ಲ. ಆದರೆ ವರದಿಯ ಮೇಲ್ಮಟ್ಟದ ಕೋಷ್ಟಕ ನೋಡಿದವರಿಗೆ ಕಟ್ಟೆ ಮೇಲಿನ ಹರಟೆ, ಗ್ರಾಮ ಸಭೆ, ಸತ್ಯನಾರಾಯಣ ಪೂಜೆ ಎಲ್ಲ ಒಂದೇ ಅಂಕಿಯಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೆರೆಹೊರೆಯ ನೆರವನ್ನು ನಾಗರಿಕ ಭಾಗವಹಿಸುವಿಕೆ ಎಂದು ಹೊಗಳುತ್ತಾ ಹೋದರೆ ಸರ್ಕಾರ ಹಗುರಾಗಿ ಪಾರಾಗುತ್ತದೆ. ಹಳ್ಳ ದಾಟಲು ಹಾಕುವ ಕಾಲುಸಂಕವನ್ನೇ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಹಳ್ಳದ ಈಚೆ ಆಚೆಯ ನಾಲ್ಕಾರು ಮನೆಯವರು ಸೇರುತ್ತಾರೆ. ಹಳೇ ಅಡಿಕೆ ಮರ ಕಡಿದು ದಬ್ಬೆ ಮಾಡಿ, ಎರಡು ದಡಕ್ಕೆ ಅಡ್ಡ ಹಾಸಿ, ಬಳ್ಳಿಯಲ್ಲೋ ತಂತಿಯಲ್ಲೋ ಬಿಗಿದು, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟುತ್ತಾರೆ. ಜುಲೈನಲ್ಲಿ ದಬ್ಬೆ ಮೇಲೆ ಪಾಚಿ ಕಟ್ಟುತ್ತದೆ. ಶಾಲೆಗೆ ಹೋಗುವ ಮಕ್ಕಳನ್ನು ದೊಡ್ಡವರು ಕೈ ಹಿಡಿದು ದಾಟಿಸಬೇಕು. ಬರುವ ವರ್ಷ ಹಳೇ ಸಂಕ ಹೋಗಿರುತ್ತದೆ, ಮತ್ತೆ ಹೊಸದು. ಇದು ಶ್ರಮದಾನ ಹೌದು, ಒಗ್ಗಟ್ಟೂ ಹೌದು. ಆದರೆ ವರ್ಷ ವರ್ಷ ಅದೇ ಸಂಕ ಅದೇ ಜನ ಕಟ್ಟುತ್ತಿದ್ದಾರೆ ಎಂದರೆ, ಅವರ ಅರ್ಜಿ ಎಲ್ಲೋ ಕೂತಿದೆ ಎಂದು ಅರ್ಥ. ಹೀಗಾಗಿ ಸಂಕ ಕಟ್ಟಿದ ದಿನಗಳನ್ನಷ್ಟೇ ಎಣಿಸಿದರೆ ಸಾಲದು, ಸಂಕ ಕೊಡಿ ಎಂದು ಕೇಳಿದ ವರ್ಷಗಳನ್ನೂ ಎಣಿಸಬೇಕು.

ಕೇಳುವ ಜಾಗ ಯಾವುದು? ಕಾನೂನಿನ ಪ್ರಕಾರ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಕರ್ನಾಟಕದ ಪಂಚಾಯತ್ ರಾಜ್ ಕಾನೂನಿನಲ್ಲಿ ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಕೋರಂ, ಅಂದರೆ ಇಷ್ಟು ಜನ ಇದ್ದರೇ ಸಭೆ ಎಂಬ ಲೆಕ್ಕ, ಕೂಡ ಇದೆ. ವಾರ್ಡ್ ಸಭೆಗೆ ಮತದಾರರ ಹತ್ತರಲ್ಲಿ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಹತ್ತರಲ್ಲಿ ಒಂದು ಭಾಗ ಅಥವಾ 100 ಜನ. ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ಓದಲು ಚೆನ್ನಾಗಿದೆ.

ಹೊಸನಗರ ಸೀಮೆಯ ಒಂದು ವಾರ್ಡ್ ಸಭೆಯಲ್ಲಿ ನಾನು ಕೂತಿದ್ದೆ. ಶಾಲೆಯ ಜಗಲಿ, ಎರಡು ಬೆಂಚು, ಒಂದು ಟೇಬಲ್. ಸಭೆ ಹತ್ತೂವರೆಗೆ ಅಂತ ನೋಟಿಸು, ಶುರುವಾಗಿದ್ದು ಹನ್ನೆರಡರ ಹೊತ್ತಿಗೆ. ಅಷ್ಟರಲ್ಲಿ ಸಹಿ ಪುಸ್ತಕ ಒಂದು ಸುತ್ತು ಬಂದಿತ್ತು. ಸಹಿ ಹಾಕಿದ ಕೆಲವರು ತೋಟಕ್ಕೆ ಔಷಧಿ ಹೊಡೆಯುವುದಿದೆ ಎಂದು ಹೊರಟೂ ಆಗಿತ್ತು. ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಸಂಘದ ನಾಲ್ಕು ಹೆಂಗಸರು ಇದ್ದಿದ್ದರಿಂದ ಮಹಿಳೆಯರ ಲೆಕ್ಕ ಸರಿಹೋಯಿತು. ಕಾಮಗಾರಿ ಪಟ್ಟಿ ಬರೆದುಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನಲ್ಲಿದ್ದ ವಯಸ್ಸಾದ ಅಮ್ಮ ಒಬ್ಬರು ಎದ್ದರು.

"ಹೋದ ಸಲಾನೂ ಬರ್ಕಂಡಿದ್ರಲ್ಲ ಸಾರ್ ನಮ್ಮ ಸಂಕದ್ದು, ಅದು ಎಂತ ಆಯ್ತು?"

"ಅದು ಕ್ರಿಯಾಯೋಜನೆಗೆ ಸೇರಿದೆಯಮ್ಮ, ಮೇಲಿಂದ ಬರ್ಬೇಕು."

"ಅದ್ಕೂ ಹಿಂದಿನ ಸಲಾನೂ ಇದೇ ಹೇಳಿದ್ರಿ."

ಎಲ್ಲರೂ ನಕ್ಕರು. ಉತ್ತರ ಕೊಟ್ಟ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ನಕ್ಕರು. ಸಂಕವನ್ನು ಮತ್ತೆ ಬರೆದುಕೊಂಡರು. ಆ ದಿನದ ನಡಾವಳಿಯಲ್ಲಿ ಕೋರಂ ಭರ್ತಿ, ಮಹಿಳೆಯರ ಹಾಜರಾತಿ ಸರಿ, ಬೇಡಿಕೆಗಳನ್ನು ಸ್ವೀಕರಿಸಲಾಯಿತು ಎಂದು ದಾಖಲಾಗಿರುತ್ತದೆ. ಮೇಲಿನವರು ಅಂಕ ಕೊಡುವುದಾದರೆ ಪೂರ್ತಿ ಅಂಕ. ಆ ಅಮ್ಮನ ಮಗ ಮುಂದಿನ ಸಭೆಗೆ ಬರುವುದಿಲ್ಲ ಎಂದರೆ ನಮಗೆ ಆಶ್ಚರ್ಯ ಯಾಕೆ ಆಗಬೇಕು?

ಪಿಡಿಒ ಮೇಲೆ ಎಲ್ಲ ಹೊರಿಸುವುದೂ ಸರಿಯಲ್ಲ. ಪಂಚಾಯಿತಿಗೆ ಬರುವ ದುಡ್ಡಿನ ಕಥೆಯೇ ಬೇರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಎಂದು ಮೊದಲೇ ಗಂಟು ಹಾಕಿತ್ತು. ಊರಿನ ಇಷ್ಟಕ್ಕೆ ಬಿಟ್ಟಿದ್ದು ಶೇ 40. ಕಾಲುಸಂಕ, ಮೋರಿ, ರಸ್ತೆ, ಬೀದಿ ದೀಪ ಎಲ್ಲ ಆ ಶೇ 40ರಲ್ಲೇ ಗುದ್ದಾಡಬೇಕಿತ್ತು. ಊರಿಗೆ ಏನು ಬೇಕು ಎಂದು ಕೇಳುವ ಸಭೆಗೆ ಹೇಳಿದ್ದನ್ನು ಮಾಡುವ ದುಡ್ಡು ಅರ್ಧಕ್ಕಿಂತ ಕಡಿಮೆ ಇತ್ತು. ಅದೇ ಮನೆ ಹಂಚಿಕೆಯ ಫಲಾನುಭವಿ ಆಯ್ಕೆ ಇರುವ ಗ್ರಾಮ ಸಭೆಗೆ ಹೋಗಿ ನೋಡಿ, ನಿಲ್ಲಲು ಜಾಗ ಇರುವುದಿಲ್ಲ. ಜನಕ್ಕೆ ಆಸಕ್ತಿ ಇಲ್ಲ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಸಭೆಯ ಕೈಯಲ್ಲಿ ತೀರ್ಮಾನ ಇದ್ದರೆ ಜನ ಬರುತ್ತಾರೆ.

ದೂರದ ಸಮಸ್ಯೆ ಬೇರೆ ಇದೆ. ಬಯಲುಸೀಮೆಯಲ್ಲಿ ಊರು ಎಂದರೆ ಒಟ್ಟಿಗಿರುವ ಮನೆಗಳು. ಚಾವಡಿಯಲ್ಲಿ ಕೂಗಿದರೆ ಅರ್ಧ ಊರಿಗೆ ಕೇಳುತ್ತದೆ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಗುಡ್ಡ. ವರ್ಷದ ಲೆಕ್ಕ ಜನರ ಮುಂದಿಡುವ ಜಮಾಬಂದಿ ಬರುವುದು ಮಳೆ ಇನ್ನೂ ಬಿಡದ ಆಗಸ್ಟ್, ಸೆಪ್ಟೆಂಬರಿನಲ್ಲಿ. ರಾಜ್ಯಕ್ಕೆಲ್ಲ ಒಂದೇ ಕ್ಯಾಲೆಂಡರ್ ಮಾಡಿದರೆ ಆಗುವುದು ಹೀಗೇ. ಆಗುಂಬೆಯ ಸೋನೆಮಳೆ ಬೆಂಗಳೂರಿನ ಸುತ್ತೋಲೆಗೆ ಗೊತ್ತಾಗುವುದಾದರೂ ಹೇಗೆ?

ಬಾರದವರನ್ನು ಕಾನೂನಿನಿಂದ ಎಳೆದು ತರಬಹುದಾ? ಅದನ್ನೂ ನಮ್ಮ ರಾಜ್ಯ ಮಾಡಿ ನೋಡಿದೆ. ಸಂವಿಧಾನದ 97ನೇ ತಿದ್ದುಪಡಿಯ ನಂತರ ಸಹಕಾರ ಕಾನೂನು ಬದಲಾಯಿತು. ಸರ್ವಸದಸ್ಯರ ಸಭೆಗಳಿಗೆ ನಿಗದಿಯಾದಷ್ಟು ಸಲ ಬಾರದವರಿಗೆ, ಸಂಘದ ಜೊತೆ ಕನಿಷ್ಠ ವ್ಯವಹಾರ ಮಾಡದವರಿಗೆ ಸಂಘದ ಚುನಾವಣೆಯಲ್ಲಿ ವೋಟು ಇಲ್ಲ ಎಂಬ ನಿಯಮ ಬಂತು. ಉದ್ದೇಶ ಒಳ್ಳೆಯದೇ. ಆದರೆ ಏನಾಯಿತು? ಚುನಾವಣೆ ಬಂದಾಗಲೆಲ್ಲ ಅನರ್ಹ ಮತದಾರರ ಪಟ್ಟಿ, ಅದರ ಮೇಲೆ ತಕರಾರು, ಹೈಕೋರ್ಟಿನಲ್ಲಿ ಅರ್ಜಿ. ಸಭೆಗೆ ಜನ ಬಂದರು, ನಿಜ. ಬಂದು ಸಹಿ ಮಾಡಿ, ತಿಂಡಿ ತಿಂದು ಹೋಗುವವರೂ ಹೆಚ್ಚಾದರು. ಆಡಳಿತ ಮಂಡಳಿಗೆ ಪ್ರಶ್ನೆ ಕೇಳುವವರು ಮೊದಲು ಎಷ್ಟಿದ್ದರೋ ಅಷ್ಟೇ. ಹಾಜರಾತಿಗೆ ಬೆಲೆ ಕಟ್ಟಿದರೆ ಹಾಜರಾತಿ ಸಿಗುತ್ತದೆ, ಬೇರೇನೂ ಅಲ್ಲ.

ಅಳತೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದೇನಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸಿಡಿದೆದ್ದ ಕಾರಣಗಳಲ್ಲಿ ಕೊಳಗದ ಗಾತ್ರವೂ ಒಂದು. ಗೇಣಿ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದು ಬೇಡಿಕೆ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಆ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. ಆ ರೈತರ ಭಾಗವಹಿಸುವಿಕೆಯನ್ನು ಅಳೆಯಲು ಯಾವ ಸೂಚ್ಯಂಕವೂ ಇರಲಿಲ್ಲ. 1974ರ ಭೂಸುಧಾರಣೆಯ ಹಿಂದೆ ಆ ಹೋರಾಟದ ನೆನಪು ಇತ್ತು ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈಗಿನ ಉದಾಹರಣೆಗೂ ಶರಾವತಿ ಕಣಿವೆಯೇ ಸಾಕು. 2019ರ ಜುಲೈನಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆ ವಿರುದ್ಧ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆಗ ಯೋಜನೆ ತಣ್ಣಗಾಯಿತು. 2025ರ ಸೆಪ್ಟೆಂಬರಿನಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಕಿಕ್ಕಿರಿದಿದ್ದರು, ವಿರೋಧ ಜೋರಾಗಿತ್ತು.

ಈ ಅಹವಾಲು ಸಭೆಯ ನಿಯಮ ಓದಿದರೆ ವಿಚಿತ್ರವೊಂದು ಕಾಣುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಈ ಸಭೆಗೆ ಕೋರಂ ಇಲ್ಲವೇ ಇಲ್ಲ. ಇಬ್ಬರು ಬಂದರೂ ಶುರು ಮಾಡಬಹುದು. ಕಾಡು, ನದಿ, ಊರು ಎಲ್ಲ ಒಳಗೊಂಡ ಯೋಜನೆಗೆ ಕೋರಂ ಬೇಡ, ಬೀದಿ ದೀಪದ ವಾರ್ಡ್ ಸಭೆಗೆ 20 ಜನ ಬೇಕು. ಆದರೆ ಅದೇ ಅಧಿಸೂಚನೆಯಲ್ಲಿ ವಾರ್ಡ್ ಸಭೆಯಲ್ಲಿ ಕಾಣದ ಒಂದು ಶಿಸ್ತು ಇದೆ. 30 ದಿನ ಮೊದಲೇ ತಿಳಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಬರೆದುಕೊಂಡ ನಡಾವಳಿಯನ್ನು ಸಭೆ ಮುಗಿಯುವ ಮೊದಲು ಬಂದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಎತ್ತಿದ ಒಂದೊಂದು ವಿಷಯ ಮತ್ತು ಅದಕ್ಕೆ ಯೋಜನೆಯವರ ಉತ್ತರ, ಎರಡನ್ನೂ ಪಟ್ಟಿ ಮಾಡಿ ನಡಾವಳಿಗೆ ಸೇರಿಸಬೇಕು, ಪಂಚಾಯಿತಿಯಲ್ಲಿ ಪ್ರದರ್ಶಿಸಬೇಕು. ಉತ್ತರ ಹಾರಿಕೆಯದ್ದಾಗಿರಬಹುದು. ಆದರೂ ಕಾಗದದ ಮೇಲೆ ಇರುತ್ತದೆ. ನಾಳೆ ಹಸಿರು ನ್ಯಾಯಮಂಡಳಿಯಲ್ಲಿ ಅದನ್ನೇ ಮುಂದಿಡಬಹುದು.

ವಾರ್ಡ್ ಸಭೆಯಲ್ಲೂ ಈ ಉತ್ತರದ ಕಾಲಂ ಇರಬೇಕಾದದ್ದೇ. ಹಿಂದಿನ ಸಭೆಯ ಬೇಡಿಕೆಗಳು ಏನಾದವು ಎಂದು ಹೇಳುವ ಅನುಪಾಲನಾ ವರದಿ ಓದುವುದು ಅಜೆಂಡಾದಲ್ಲಿ ಮೊದಲ ವಿಷಯವಾಗಿ ಬರುವುದುಂಟು. ಆದರೆ ಆ ಓದು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. 'ಕ್ರಮ ವಹಿಸಲಾಗಿದೆ' ಎಂಬ ಎರಡು ಪದ ಎಲ್ಲಕ್ಕೂ ಉತ್ತರ. ನನ್ನ ಕೈಯಲ್ಲಿ ರಾಜ್ಯದ ಅಳತೆ ಕೊಟ್ಟರೆ ಮೊದಲು ಈ ಒಂದನ್ನೇ ಅಳೆಯುತ್ತೇನೆ. ಹೋದ ಸಭೆಯಲ್ಲಿ ಬಂದ ಬೇಡಿಕೆಗಳೆಷ್ಟು, ಈ ಸಭೆಯಲ್ಲಿ ಆಯಿತು, ಆಗುವುದಿಲ್ಲ ಅಥವಾ ಇಂಥ ಕಾರಣಕ್ಕೆ ತಡ ಎಂಬ ಖಚಿತ ಉತ್ತರ ಸಿಕ್ಕಿದ್ದು ಎಷ್ಟಕ್ಕೆ. 'ಆಗುವುದಿಲ್ಲ' ಎಂಬುದೂ ಉತ್ತರವೇ. ಸಂಕಕ್ಕೆ ಪಂಚಾಯಿತಿಯಲ್ಲಿ ದುಡ್ಡಿಲ್ಲ ಎಂದು ಬರೆದುಕೊಟ್ಟರೆ ಆ ಅಮ್ಮ ಅದನ್ನು ಹಿಡಿದು ಶಾಸಕರ ಮನೆಗೆ ಹೋಗಬಹುದು. 'ಮೇಲಿಂದ ಬರಬೇಕು' ಎಂಬುದನ್ನು ಹಿಡಿದು ಎಲ್ಲಿಗೆ ಹೋಗುವುದು?

ಎರಡನೆಯದಾಗಿ, ಮಾತಾಡಿದವರು ಯಾರು ಎಂದು ನೋಡಬೇಕು. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರದ್ದು. ಸಂಘದ ಹೆಂಗಸರು ವಾರ ವಾರ ಸಭೆ ಮಾಡಿ, ಲೆಕ್ಕ ಬರೆದು, ಸಾಲ ಕೊಟ್ಟು ವಸೂಲಿ ಮಾಡುತ್ತಾರೆ. ಸಭೆ ನಡೆಸುವ ಅಭ್ಯಾಸ ಊರಿನ ಗಂಡಸರಿಗಿಂತ ಅವರಿಗೇ ಜಾಸ್ತಿ. ಅದೇ ಹೆಂಗಸರು ಗ್ರಾಮ ಸಭೆಯಲ್ಲಿ ಕೋರಂ ತುಂಬಿಸಲು ಕೂತಿರುತ್ತಾರೆ. ವಾರ್ಡ್ ಸಭೆಯನ್ನು ಸಂಘದ ಸಭೆಯ ದಿನ, ಅದೇ ಮನೆಯ ಅಂಗಳದಲ್ಲಿ ಇಟ್ಟು ನೋಡಬಹುದು. ಖರ್ಚಿಲ್ಲದ ಕೆಲಸ.

ಶಿವಮೊಗ್ಗ ನಗರದ ಪರಿಸ್ಥಿತಿ ಹಳ್ಳಿಗಿಂತ ಕಡೆ. ಮಹಾನಗರ ಪಾಲಿಕೆಗೆ 2018ರಲ್ಲಿ ಚುನಾವಣೆ ಆಗಿತ್ತು. ಐದು ವರ್ಷ ಮುಗಿದ ಮೇಲೆ ಅಧಿಕಾರಿಗಳ ಆಡಳಿತ ಬಂತು. ಪಾಲಿಕೆಗಳಲ್ಲಿ ವಾರ್ಡ್ ಸಮಿತಿ, ಏರಿಯಾ ಸಭಾ ಬೇಕೆಂದು 2011ರಲ್ಲೇ ಕಾನೂನಿಗೆ ತಿದ್ದುಪಡಿ ಆಗಿದೆ. ವಿನೋಬನಗರದಲ್ಲೋ ಗೋಪಾಳದಲ್ಲೋ ನಿಂತು 'ನಿಮ್ಮ ಏರಿಯಾ ಸಭಾ ಯಾವಾಗ' ಎಂದು ಕೇಳಿ ನೋಡಿ. ನಗರಗಳ ಸ್ವಚ್ಛತೆ ಅಳೆಯುವ ಸ್ವಚ್ಛ ಸರ್ವೇಕ್ಷಣದಲ್ಲಿ ನಾಗರಿಕರ ಅಭಿಪ್ರಾಯಕ್ಕೂ ಅಂಕ ಇದೆ ಅನ್ನುತ್ತಾರೆ. ಇರಲಿ. ಫೋನಿನಲ್ಲಿ ಹೌದು, ಇಲ್ಲ ಒತ್ತುವುದನ್ನು ಭಾಗವಹಿಸುವಿಕೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಉತ್ತರ ಎಣಿಸುವ ಈ ಯೋಚನೆಯನ್ನು ಪರಿಚಯದ ಪಿಡಿಒ ಒಬ್ಬರ ಮುಂದೆ ಇಟ್ಟಾಗ ಅವರು ತಕ್ಷಣ ಒಂದು ತೊಡಕು ತೋರಿಸಿದರು. "ಉತ್ತರ ಇಲ್ಲದ್ದಕ್ಕೆ ನಮ್ಮ ಮೇಲೆ ಮಾರ್ಕ್ಸ್ ಕಳೀತೀರಾ? ಹಾಗಾದ್ರೆ ನಾವು ಬೇಡಿಕೆ ಬರ್ಕೊಳ್ಳೋದೇ ಕಡಿಮೆ ಮಾಡ್ತೀವಿ ಬಿಡಿ." ಮಾತು ಸತ್ಯ. ಬರೆಯುವ ಪೆನ್ನು ಅಧಿಕಾರಿಯ ಕೈಯಲ್ಲೇ ಇದ್ದರೆ ಕಷ್ಟದ ಬೇಡಿಕೆ ಪುಸ್ತಕಕ್ಕೇ ಬರುವುದಿಲ್ಲ. ಹಾಗಾಗಿ ಬೇಡಿಕೆಯನ್ನು ಕೇಳಿದವರೇ ತಮ್ಮ ಕೈಯಾರೆ ಬರೆಯಬೇಕು, ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಬೇಕು, ಅದಕ್ಕೆ ಕ್ರಮಸಂಖ್ಯೆ ಬೀಳಬೇಕು, ಪುಟದ ಫೋಟೊ ಅಲ್ಲೇ ವಾರ್ಡಿನ ವಾಟ್ಸಾಪ್ ಗುಂಪಿಗೆ ಹೋಗಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲಿ ಪುಟದ ನಕಲನ್ನು ಡೈರಿಯ ಗೋಡೆಗೆ ಅಂಟಿಸಿದರೂ ಆದೀತು. ಬೆಳಿಗ್ಗೆ ಹಾಲು ಹಾಕಲು ಊರಿನ ಮುಕ್ಕಾಲು ಪಾಲು ಜನ ಅಲ್ಲಿಗೆ ಬಂದೇ ಬರುತ್ತಾರೆ.